ಉಸಿರಿಗೆ ಕಾವಲು

ಹೊಳೆದಂಡೆಯ ಆಶ್ರಮಕ್ಕೆ ವೈದ್ಯವಿದ್ಯೆ ಕಲಿಯಲು ಬಂದ ಸಂಗಮೇಶ ಯಾರನ್ನೂ ಸುಮ್ಮನೆ ನಂಬುವವನಲ್ಲ.

ಅಡುಗೆಯ ನಿಂಬವ್ವ ಸೋಸಿಟ್ಟ ನೀರನ್ನು ಇವನು ಪಂಚೆಯ ತುದಿಯಲ್ಲಿ ಇನ್ನೊಮ್ಮೆ ಸೋಸುತ್ತಿದ್ದ. ಜೊತೆಯಲ್ಲಿ ಕಲಿಯುವ ಕಲ್ಮೇಶ ನಕ್ಕರೆ, ಯಾಕೆ ನಕ್ಕ ಎಂದು ಸಂಜೆಯವರೆಗೂ ಯೋಚಿಸುತ್ತಿದ್ದ. ಗುರು ರೇವಣಯ್ಯನವರು ಒಂದು ಬೇರಿನ ಗುಣ ಹೇಳಿದರೆ, ಹೇಳದೆ ಉಳಿಸಿಕೊಂಡದ್ದು ಏನಿರಬಹುದು ಎಂದು ಅವರ ಮುಖವನ್ನೇ ನೋಡುತ್ತಿದ್ದ.

ಒಂದು ಬೆಳಿಗ್ಗೆ ಗುರುಗಳು ಮರಳಿನ ಮೇಲೆ ಮನುಷ್ಯನ ಆಕಾರ ಬರೆದರು. ತಲೆಯ ಬುಡದಿಂದ ಒಂದು ಉದ್ದನೆಯ ಗೆರೆ ಎಳೆದರು. ಅದು ಕುತ್ತಿಗೆ ಹಾದು, ಎದೆಗಿಳಿದು, ಹೊಟ್ಟೆಯಲ್ಲಿ ಬೇರಿನಂತೆ ಹರಡಿತು. ಬೆನ್ನೆಲುಬಿನ ಎರಡೂ ಮಗ್ಗುಲಿಗೆ ಗಂಟುಗಂಟಾಗಿ ಇನ್ನೆರಡು ಗೆರೆ ಎಳೆದರು.

"ಇವು ಒಳಗಿನ ನರಗಳು. ಹೃದಯಕ್ಕೆ, ಜಠರಕ್ಕೆ, ಕರುಳಿಗೆ ಹೋಗುವುದು ಇವೇ. ಬೆನ್ನಿನ ಪಕ್ಕದವು 'ಓಡು' ಅನ್ನುತ್ತವೆ. ತಲೆಯಿಂದ ಇಳಿದದ್ದು 'ತಾಳು' ಅನ್ನುತ್ತದೆ. ಹುಲಿ ಕಂಡರೆ ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ಕೆಲಸ ಬಿಟ್ಟು ಕೂರುತ್ತದೆ. ಹುಲಿ ಹೋಯಿತೋ, ಎದೆ ನಿಧಾನವಾಗುತ್ತದೆ, ಹೊಟ್ಟೆ ಮತ್ತೆ ಅರೆಯಲು ಶುರುಮಾಡುತ್ತದೆ."

"ಅವಕ್ಕೆ ಅಪ್ಪಣೆ ಕೊಡುವುದು ನಾವಲ್ಲವೇ?" ಸಂಗಮೇಶ ಕೇಳಿದ.

"ಅಲ್ಲ. ಉಸಿರು ಮಾತ್ರ ನೀನು ಹೇಳಿದರೂ ಕೇಳುತ್ತದೆ, ಹೇಳದಿದ್ದರೂ ನಡೆಯುತ್ತದೆ. ಉಳಿದವು ನಮ್ಮನ್ನು ಕೇಳುವುದೇ ಇಲ್ಲ."

"ಹಾಗಾದರೆ ಯಾರನ್ನು ಕೇಳುತ್ತವೆ?"

"ಊಟದ ಹೊತ್ತಾಯಿತು," ಎಂದು ಗುರುಗಳು ಎದ್ದರು.

ಉಳಿದವರು ಕೈ ತೊಳೆಯಲು ಹೋದರು. ಸಂಗಮೇಶ ಆ ಗೆರೆಗಳನ್ನೇ ನೋಡುತ್ತ ಕೂತ. ತನ್ನ ಮನೆಯೊಳಗೆ ಯಾರೋ ಹುಟ್ಟಿದಾಗಿನಿಂದ ಓಡಾಡಿಕೊಂಡಿದ್ದಾರೆ, ತನಗೆ ಮಾತ್ರ ಇವತ್ತು ಗೊತ್ತಾಯಿತು ಎಂಬಂತಾಯಿತು ಅವನಿಗೆ.

ಆವತ್ತಿನಿಂದ ಅವನು ಎದೆಯ ಮೇಲೆ ಕೈ ಇಟ್ಟುಕೊಂಡೇ ತಿರುಗಾಡತೊಡಗಿದ.

"ಎದೆನೋವೇನೋ?" ಕಲ್ಮೇಶ ಕೇಳಿದ.

"ಇಲ್ಲ. ಕಾಯುತ್ತಿದ್ದೇನೆ."

"ಅದೇನು ಓಡಿಹೋಗುತ್ತದೆಯೇ?"

"ಹೋಗುವುದಿಲ್ಲ ಅಂತ ನಿನಗೆ ಹೇಳಿದವರು ಯಾರು?"

ಬಡಿತ ಒಂದು ಕ್ಷಣ ತಡವಾಯಿತು ಅನಿಸಿದರೆ ನಡೆಯುತ್ತಿದ್ದವನು ನಿಂತುಬಿಡುತ್ತಿದ್ದ. ನಿಂತ ಕೂಡಲೇ ಅದು ಜೋರಾಗುತ್ತಿತ್ತು. ನೋಡು, ನಾನು ಗಮನಿಸುತ್ತಿರುವುದು ಅದಕ್ಕೂ ತಿಳಿದಿದೆ, ಅಂದುಕೊಂಡ.

ಉಸಿರಿನ ಕತೆ ಇನ್ನೂ ಕಷ್ಟ. ಗಮನ ಕೊಟ್ಟದ್ದೇ ತಡ, ಅದು ಪೂರ್ತಿ ಇವನ ಹೆಗಲಿಗೇ ಬಿತ್ತು. ಎಳೆದರೆ ಬರುತ್ತಿತ್ತು. ಎಳೆಯದಿದ್ದರೆ? ನಿದ್ದೆ ಹತ್ತಿದ ಮೇಲೆ ಎಳೆಯುವವರು ಯಾರು? ಕಣ್ಣು ಎಳೆದು ಬಂದರೆ ಮುಖಕ್ಕೆ ನೀರೆರಚಿಕೊಂಡು ಎದ್ದು ಕೂರುತ್ತಿದ್ದ. ಮಲಗಿದರೆ ಸತ್ತೆ ಎಂಬುದು ಅವನಿಗೆ ಖಾತ್ರಿಯಾಗಿತ್ತು.

ಊಟವೂ ತಪ್ಪಿತು. ಬಾಗಿಲು ಹಾಕಿಕೊಂಡು ಏನು ಮಾಡುತ್ತದೋ ಗೊತ್ತಿಲ್ಲದ ಜಠರದ ಕೈಗೆ ಅನ್ನ ಒಪ್ಪಿಸುವುದು ಹೇಗೆ?

"ಯಾಕೋ ತಮ್ಮಾ, ನನ್ನ ಕೈಯಾಗ ವಿಷ ಐತೇನು?" ಮುಟ್ಟದ ತಟ್ಟೆಯನ್ನು ಎತ್ತುತ್ತ ನಿಂಬವ್ವ ಕೇಳಿದಳು.

"ನಿಮ್ಮ ಮೇಲೆ ಅನುಮಾನ ಇಲ್ಲ."

"ಮತ್ತ ಯಾರ ಮ್ಯಾಲೆ?"

ಅವನು ತನ್ನ ಹೊಟ್ಟೆಯನ್ನು ನೋಡಿಕೊಂಡ.

"ಅಯ್ಯ ಇವನ! ನೀರು ಸೋಸಿದ್ದು ಸಾಲಲಿಲ್ಲಂತ ಈಗ ಹೊಟ್ಟೀನೂ ಸೋಸ್ತೀಯೇನು?"

ಅವನ ಕೆನ್ನೆಗಳು ಒಳಕ್ಕೆ ಹೋದವು. ಒಂದು ದಿನ ಹೊಳೆಗೆ ಸ್ನಾನಕ್ಕಿಳಿದವನು ತಲೆ ತಿರುಗಿ ಮೆಟ್ಟಿಲ ಮೇಲೆ ಬಿದ್ದ. ಕಲ್ಮೇಶ ಹಿಡಿದೆತ್ತಿ, "ಹೀಗೇ ಆದರೆ ನಿನ್ನನ್ನು ಹೊತ್ತುಕೊಂಡು ಹೋಗಿ ಊರಿಗೆ ಬಿಡಬೇಕಾಗುತ್ತದೆ, ಜೀವ ಇದ್ದರೆ," ಎಂದ.

ಸಂಗಮೇಶ ಒದ್ದೆ ತಲೆಯಲ್ಲೇ ಗುರುಗಳ ಮುಂದೆ ಹೋಗಿ ನಿಂತ.

"ನೀವು ಅರ್ಧ ಮಾತ್ರ ಕಲಿಸಿದ್ದೀರಿ."

"ಹೌದೇ?"

"ಏಳು ಅಂದರೆ ಕೈ ಏಳುತ್ತದೆ. ಎದೆಗೂ ಕರುಳಿಗೂ ಹಾಗೆ ಹೇಳುವ ದಾರಿ ಇರಲೇಬೇಕು. ನಿಮಗದು ಗೊತ್ತು. ಕಲ್ಮೇಶನಿಗೆ ಕೊಡೋಣ ಅಂತ ಇಟ್ಟುಕೊಂಡಿದ್ದೀರಿ."

ಗುರುಗಳಿಗೆ ಸಿಟ್ಟು ಬರಲಿಲ್ಲ. "ನಿನಗೇ ಕೊಟ್ಟರೆ ಏನು ಮಾಡುತ್ತೀ?"

"ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ. ಆಮೇಲೆ ನೆಮ್ಮದಿಯಾಗಿ ಮಲಗುತ್ತೇನೆ."

"ಮಲಗಿದ ಮೇಲೆ?"

ಸಂಗಮೇಶ ಎದೆಯ ಮೇಲಿನ ಕೈಯನ್ನು ಇನ್ನಷ್ಟು ಒತ್ತಿಕೊಂಡ.

"ಇರಲಿ, ಸಣ್ಣದರಿಂದ ಶುರುಮಾಡೋಣ," ಗುರುಗಳೆಂದರು. "ನೀರೂರಬೇಡ ಅಂತ ನಿನ್ನ ಬಾಯಿಗೆ ಹೇಳು."

ಅವನು ಕಣ್ಣು ಮುಚ್ಚಿ ಹೇಳಿದ.

"ಕೇಳಿತೇ?"

"ಕೇಳಿತು. ಒಣಗಿಯೇ ಇದೆ."

ಗುರುಗಳು ಒಳಕ್ಕೆ ಕೂಗಿದರು. "ನಿಂಬವ್ವ, ಒಗ್ಗರಣೆ ಹಾಕು."

ಬಾಣಲೆ ಚುರ್ರೆಂದಿತು. ಬೆಳ್ಳುಳ್ಳಿಯ ಘಮ ಜಗಲಿಗೆ ಬಂತು. ಸಂಗಮೇಶನ ಬಾಯಿ ತುಂಬ ನೀರಾಯಿತು. ಆಚೆ ನಿಂತ ಕಲ್ಮೇಶನಿಗೂ ಕೇಳುವಷ್ಟು ಗಟ್ಟಿಯಾಗಿ ಹೊಟ್ಟೆ ಗುರುಗುಟ್ಟಿತು.

"ಇದು ನೀವಿಬ್ಬರೂ ಮೊದಲೇ ಮಾತಾಡಿಕೊಂಡದ್ದು!" ಅವನು ಜೊಲ್ಲು ನುಂಗುತ್ತ ಕಿರುಚಿದ.

"ಇಬ್ಬರಲ್ಲ, ಮೂವರು," ಗುರುಗಳೆಂದರು. "ನಾನು, ನಿಂಬವ್ವ, ನಿನ್ನ ಹೊಟ್ಟೆ."

ಅವನು ನಗಲಿಲ್ಲ. "ನಾಳೆಯೇ ಬೇರೆ ಗುರುಗಳನ್ನು ಹುಡುಕಿಕೊಂಡು ಹೋಗುತ್ತೇನೆ."

"ಹೊಳೆ ದಾಟುವಷ್ಟು ತ್ರಾಣ ಇದೆಯೇ?"

ಅವನು ಉತ್ತರ ಕೊಡುವ ಮೊದಲೇ ಪಕ್ಕದ ಊರಿನ ಶಿವಲೀಲೆ ಅಂಗಳಕ್ಕೆ ಬಂದಳು. ಒಲೆಯ ಮುಂದೆ ಕೈ ಸುಟ್ಟುಕೊಂಡಿದ್ದಳು. ಇನ್ನೊಂದು ತೋಳಿನಲ್ಲಿ ಎಳೆಯ ಕೂಸು ಮಲಗಿತ್ತು.

ಗುರುಗಳು ಕೂಸನ್ನು ಎತ್ತಿಕೊಂಡು, ಸಂಗಮೇಶನನ್ನು ಜಗಲಿಯಲ್ಲಿ ಕೂರಿಸಿ ಅವನ ತೊಡೆಯ ಮೇಲಿಟ್ಟರು. "ಮದ್ದು ಹಚ್ಚಿ ಬರುವವರೆಗೆ ನೋಡಿಕೋ."

"ನಾನೇ?"

"ಕಾವಲು ಕಾಯುವುದರಲ್ಲಿ ನಿನ್ನಷ್ಟು ಪಳಗಿದವರು ಇಲ್ಲಿ ಯಾರಿದ್ದಾರೆ?"

ಕೂಸಿಗೆ ಗಾಢ ನಿದ್ದೆ. ಪಕ್ಕೆಗಳು ಬೇಗಬೇಗ ಏರಿಳಿಯುತ್ತಿದ್ದವು. ಸಂಗಮೇಶ ನೋಡುತ್ತಿದ್ದಂತೆ ಏರಿಳಿತ ನಿಂತಿತು.

"ಗುರುಗಳೇ! ಕೂಸಿನ ಉಸಿರು..."

ಮಾತು ಮುಗಿಯುವುದರೊಳಗೆ ಕೂಸು ಒಂದು ದೊಡ್ಡ ಉಸಿರೆಳೆದು ಮತ್ತೆ ಶುರುಮಾಡಿತು.

"ಹಂಗ ಮಾಡತೈತ್ರೀ ಅಣ್ಣಾರ, ಎಳೇ ಕೂಸು," ಒಳಗಿನಿಂದ ಶಿವಲೀಲೆ ಕೂಗಿ ಹೇಳಿದಳು.

ಹೆತ್ತವಳು ಇಷ್ಟು ನಿರಾಳವಾಗಿದ್ದಾಳೆ ಅಂದರೆ ಇದರಲ್ಲೇನೋ ಇದೆ, ಅನಿಸಿತು ಅವನಿಗೆ. ಕೂಸಿನ ಮೂಗಿನ ಕೆಳಗೆ ಬೆರಳು ಹಿಡಿದ. ಬೆಚ್ಚನೆಯ ಗಾಳಿ ಬಂತು, ಹೋಯಿತು, ಬಂತು. ನಿಂತಿತು. ಅವನು ಬಗ್ಗಿದ. ಬಂತು. ಪುಟ್ಟ ಹೊಟ್ಟೆಯೊಳಗೆ ಏನೋ ಗುಳುಗುಳು ಎಂದಿತು, ಕುಡಿದ ಹಾಲು ಸರಿಯುತ್ತಿತ್ತೇನೋ. ತನಗೊಂದು ಹೊಟ್ಟೆ ಇದೆ ಎಂಬುದೂ ಕೂಸಿಗೆ ಗೊತ್ತಿದ್ದಂತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವನ ತೊಡೆ ಬೆಚ್ಚಗೆ ಒದ್ದೆಯಾಯಿತು. ಅವನು ಅಲುಗಾಡಲಿಲ್ಲ. ಮತ್ತೆ ಉಸಿರು ನಿಂತಿತ್ತು. ಬೆರಳು ಹಿಡಿದು ಕಾದ. ಬಂತು.

ಶಿವಲೀಲೆ ಕೈಗೆ ಬಟ್ಟೆ ಸುತ್ತಿಸಿಕೊಂಡು ಬಂದು ಕೂಸನ್ನು ಎತ್ತಿಕೊಳ್ಳುವಾಗ ಜಗಲಿಯ ಬಿಸಿಲು ಅಂಗಳಕ್ಕೆ ಇಳಿದಿತ್ತು. ಅವಳ ಹಿಂದೆಯೇ ಗುರುಗಳು ಬಂದರು.

"ಎಷ್ಟೋ ಸಲ ನಿಂತಿತು, ಗುರುಗಳೇ," ಸಂಗಮೇಶ ಹೇಳಿದ. "ನಾನು ಕಣ್ಣು ಕದಲಿಸಲಿಲ್ಲ. ಬೇರೆ ಯಾವುದರ ಕಡೆಗೂ ಗಮನ ಕೊಡಲಿಲ್ಲ."

"ಅದನ್ನು ಮತ್ತೆ ಶುರುಮಾಡಿಸಿದ್ದು ನೀನೇ?"

"ಇಲ್ಲ. ತಾನಾಗಿಯೇ..."

"ಅಷ್ಟು ಹೊತ್ತು ನಿನ್ನ ಉಸಿರನ್ನು ಎಳೆದವರು ಯಾರು?"

ಸಂಗಮೇಶ ನೆನಪು ಮಾಡಿಕೊಳ್ಳಲು ನೋಡಿದ. ಒಂದು ಉಸಿರೂ ನೆನಪಿಗೆ ಬರಲಿಲ್ಲ. ತಾನಿಲ್ಲದಾಗ ಯಾರೋ ಬಂದುಹೋದರೇನೋ ಎಂಬಂತೆ ಹಿಂದೆ ಮುಂದೆ ನೋಡಿದ. ಗಾಬರಿಯಿಂದ ಕೈ ಎದೆಯತ್ತ ಹೋಯಿತು.

ಗುರುಗಳು ಅರ್ಧದಲ್ಲೇ ಆ ಕೈ ಹಿಡಿದುಕೊಂಡರು.

"ಬೇಡ, ಮಾತಾಡಿಸಬೇಡ. ಅದು ಕೆಲಸದಲ್ಲಿದೆ."