ತಲೆಗೆ ಹೊಕ್ಕ ಹುಳ

ಬಸವನಹುಳುವಿನ ಲೋಳೆಯನ್ನು ರುಚಿ ನೋಡಿದ ದಿನದಿಂದ ಒಂದು ಗೊದ್ದ ಇರುವೆಗೆ ಸಂಜೆಯಾದರೆ ಸಾಕು, ಹುಲ್ಲಿನ ತುದಿಗೇರಿ ಕಚ್ಚಿಕೊಂಡು ಕೂರುವ ಹಂಬಲ. ಲೋಳೆಯ ಜೊತೆ ಒಳಹೊಕ್ಕ ಹುಳವೊಂದು ಅವಳ ತಲೆಯಲ್ಲಿ ಮನೆ ಮಾಡಿತ್ತು. ಆ ಹುಳಕ್ಕೆ ಮುಂದಿನ ವಾಸಕ್ಕೆ ಕುರಿಯ ಹೊಟ್ಟೆ ಬೇಕಿತ್ತು.

“ಇಳಿಯೇ ತಂಗಿ, ಬೆಳಗ್ಗೆ ಕುರಿಗಳು ಮೇಯಲು ಬರುತ್ತವೆ” ಎಂದಳು ಬುಡದಲ್ಲಿ ನಿಂತ ಅಕ್ಕ. “ನಿನ್ನ ತಲೆಗೆ ಯಾರೇ ಹುಳ ಬಿಟ್ಟಿದ್ದು?”

“ಯಾರೂ ಬಿಟ್ಟಿಲ್ಲ. ಇದು ನನ್ನ ಸ್ವಂತ ವಿಚಾರ. ನೆಲ ನೋಡಿಕೊಂಡೇ ಸಾಯುವ ನಿಮಗೆ ಎತ್ತರದ ಬೆಲೆ ಏನು ಗೊತ್ತು?”

“ಸ್ವಂತ ವಿಚಾರ ದಿನಾ ಇದೇ ಹೊತ್ತಿಗೆ ಬರುತ್ತದೆಯೇ, ಮಹಾತಾಯಿ?”

ತಂಗಿಯ ದವಡೆ ಆಗಲೇ ಹುಲ್ಲನ್ನು ಕಚ್ಚಿಯಾಗಿತ್ತು. ಅಕ್ಕ ವಾದ ಬಿಟ್ಟು ಹುಲ್ಲಿನ ಬುಡ ಕಡಿಯತೊಡಗಿದಳು. ಬೆಳಕು ಹರಿಯುವ ಹೊತ್ತಿಗೆ ಹುಲ್ಲು ಉರುಳಿತು. ಅಕ್ಕ ತಂಗಿಯ ಸಮೇತ ಅದನ್ನು ಕಲ್ಲಿನ ಸಂದಿಗೆ ಎಳೆದುಕೊಂಡಳು. ಕುರಿಗಳು ಬಂದು ಸುತ್ತಲಿನ ಹುಲ್ಲನ್ನೆಲ್ಲ ಬೋಳಿಸಿ ಹೋದವು.

ಬಿಸಿಲೇರಿದ ಮೇಲೆ ತಂಗಿಯ ದವಡೆ ಸಡಿಲಾಯಿತು. ಅವಳು ಬೋಳು ನೆಲವನ್ನು ನೋಡಿದಳು, ಅಕ್ಕನ ಸವೆದ ಹಲ್ಲುಗಳನ್ನು ನೋಡಿದಳು. “ನಿನ್ನ ಉಪಕಾರ ಮರೆಯುವುದಿಲ್ಲ ಅಕ್ಕಾ.”

“ಸಂಜೆಗೆ ಮರೆಯುತ್ತೀಯ. ಮತ್ತೆ ಹತ್ತುತ್ತೀಯ.”

“ಹತ್ತುತ್ತೇನೆ. ನಿನ್ನನ್ನು ಬೈಯುತ್ತೇನೆ ಕೂಡ. ಆ ಮಾತು ಹುಳದ್ದು, ಈ ಮಾತು ನನ್ನದು. ಸಂಜೆ ನಾನು ಏನೇ ಹೇಳಿದರೂ ಕೇಳಬೇಡ, ಹುಲ್ಲು ಕಡಿ.”

ಹೀಗೆಂದವಳೇ, ಅಂದು ಸಂಜೆ ತಾನು ಹತ್ತಲು ಅಕ್ಕನ ಹಲ್ಲಿಗೆ ಸುಲಭವಾಗುವಂಥ ಎಳೆ ಹುಲ್ಲೊಂದನ್ನು ಹುಡುಕುತ್ತ ಹೊರಟಳು.