ಗುಂಡಿನ ಕುಲಾವಿ

"ಅಜ್ಜಾರ, ಇವತ್ತು ಖರೆ ಇದ್ದ ಮಾತು ಮೂರು ದಿನ ಕಳದ ಮ್ಯಾಲೂ ಖರೇನ ಇರತೈತಿ. ಅಂದ ಮ್ಯಾಲ ಕಾಗದ ಕಳಸಾಕ ಮೂರು ದಿನ ಯಾಕ ಕಾಯಬೇಕ್ರಿ?"

ಹೀಗೆ ಕೇಳಿದವನು ಶಿಷ್ಯ ಚೆನ್ನವೀರ. ಅವನು ಮಠಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಇಷ್ಟು ಜೋರಾಗಿ ಮಠದ ಸ್ವಾಮಿಗಳಾದ ಅಜ್ಜನವರ ಮುಂದೆ ಅವನು ಎಂದೂ ಮಾತಾಡಿರಲಿಲ್ಲ.

ಆ ಮಠದಲ್ಲಿ ಒಂದು ಕಟ್ಟಳೆ ಇತ್ತು. ಶಿಷ್ಯರು ಯಾರಿಗೇ ಕಾಗದ ಬರೆಯಲಿ, ಅದನ್ನು ತಂದು ಅಜ್ಜನವರು ಕೂಡುವ ಕಟ್ಟೆಯ ಹಿಂದಿನ ಗೋಡೆಯ ಗೂಡಿನಲ್ಲಿ ಇಡಬೇಕು. ಮೂರು ದಿನ ಅದು ಅಲ್ಲಿಯೇ ಇರಬೇಕು. ನಾಲ್ಕನೆಯ ದಿನ ಬರೆದವನೇ ತೆಗೆದುಕೊಂಡು ಕಳಿಸಬಹುದು. ಅಜ್ಜನವರು ಅದನ್ನು ಓದುವುದಿಲ್ಲ. ಬೇಡ ಎನ್ನುವುದೂ ಇಲ್ಲ.

ಚೆನ್ನವೀರನ ಊರಿನ ಗಾಡಿಯವನು ಹಿಂದಿನ ದಿನ ಮಠಕ್ಕೆ ಸೌದೆ ಹೇರಿಕೊಂಡು ಬಂದಿದ್ದ. ಅವನ ಬಾಯಿಂದ ಒಂದು ಸುದ್ದಿ ತಿಳಿಯಿತು. ಚೆನ್ನವೀರನ ತಾಯಿ ಒಂದು ತಿಂಗಳು ಜ್ವರದಲ್ಲಿ ಮಲಗಿದ್ದಳು. ಉಳಿಯುವುದಿಲ್ಲ ಎಂದು ಊರೇ ಮಾತಾಡಿಕೊಂಡಿತ್ತು. ಈಗ ಎದ್ದು ರೊಟ್ಟಿ ತಟ್ಟುತ್ತಿದ್ದಾಳೆ. ಮನೆಯಲ್ಲಿದ್ದ ತಮ್ಮ ಆ ತಿಂಗಳು ಪೂರ್ತಿ ಅಣ್ಣನಿಗೆ ಒಂದು ಮಾತೂ ಹೇಳಿಕಳಿಸಿರಲಿಲ್ಲ. ಈಗ ಗಾಡಿಯವನ ಕೈಯಲ್ಲಿ ಒಂದು ಬುತ್ತಿ ಮಾತ್ರ ಕೊಟ್ಟು ಕಳಿಸಿದ್ದ. ಚೆನ್ನವೀರ ಆ ಬುತ್ತಿಯನ್ನು ಬಿಚ್ಚಲೂ ಇಲ್ಲ, ಕಂಬದ ಬುಡಕ್ಕೆ ಒಗೆದುಬಿಟ್ಟಿದ್ದ. ಒಗೆದವನೇ ಕಾಗದ ಬರೆಯಲು ಕೂತಿದ್ದ. 'ಇಂದಿನಿಂದ ನಾನು ನಿನ್ನ ಅಣ್ಣನಲ್ಲ, ನೀನು ನನ್ನ ತಮ್ಮನಲ್ಲ' ಎಂಬುದು ಅದರ ಕೊನೆಯ ಸಾಲು.

ಗಾಡಿ ಇವತ್ತೇ ಊರಿಗೆ ಮರಳುವುದಿತ್ತು. ಇವತ್ತು ತಪ್ಪಿದರೆ ಇನ್ನು ಮುಂದಿನ ತಿಂಗಳೇ.

ಅಜ್ಜನವರು ಕಾಗದವನ್ನೂ ನೋಡಲಿಲ್ಲ, ಚೆನ್ನವೀರನ ಕೆಂಪು ಕಣ್ಣನ್ನೂ ನೋಡಲಿಲ್ಲ. "ಗಾಡಿಯವ ಇನ್ನೂ ಎತ್ತಿಗೆ ನೀರು ಕುಡಸಾಕ ಹತ್ಯಾನ. ಕೂಡು" ಎಂದರು. ಚೆನ್ನವೀರ ಕೂತ. ಅವರು ಹೇಳಿದ ಕತೆ ಇದು.

ಒಬ್ಬ ದೇಸಾಯಿಗೆ ಗುಡ್ಡದ ಮೇಲೆ ಒಂದು ಕೋಟೆ ಇತ್ತು. ಕೋಟೆಯ ಬುರುಜಿನ ಮೇಲೆ ಫಿರಂಗಿಗಳಿದ್ದವು. ಆ ಫಿರಂಗಿಗಳಿಗೆ ಹೊಸ ತರಹದ ಗುಂಡುಗಳು ಬಂದವು. ಕಬ್ಬಿಣದ ಗುಂಡು, ಆದರೆ ಒಳಗೆ ಟೊಳ್ಳು. ಟೊಳ್ಳಿನ ತುಂಬ ಮದ್ದು. ಗುಂಡಿನ ಬಾಯಿಗೆ ಬೆರಳುದ್ದದ ಒಂದು ಕೊಳವೆ, ಕೊಳವೆಯಲ್ಲಿ ನಿಧಾನವಾಗಿ ಉರಿಯುವ ಬತ್ತಿ. ಫಿರಂಗಿ ಹಾರಿದಾಗ ಅದರ ಬೆಂಕಿಯೇ ಬತ್ತಿಗೆ ತಗಲುತ್ತದೆ. ಗುಂಡು ಹಾರುತ್ತ ಹೋಗುತ್ತದೆ, ಬತ್ತಿ ಉರಿಯುತ್ತ ಹೋಗುತ್ತದೆ. ಬತ್ತಿ ಮುಗಿದಲ್ಲಿ ಗುಂಡು ಒಡೆಯುತ್ತದೆ. ಒಡೆದಲ್ಲಿ ಇದ್ದವರು ಉಳಿಯುವುದಿಲ್ಲ.

ಆ ಬತ್ತಿಯದೇ ಪೀಕಲಾಟ. ಮಳೆಗಾಲದಲ್ಲಿ ಅದು ತೇವ ಹಿಡಿಯುತ್ತಿತ್ತು. ಆಗ ಗುಂಡು ಒಡೆಯದೆ ಕಲ್ಲಿನ ಹಾಗೆ ಬೀಳುತ್ತಿತ್ತು. ಬೇಸಿಗೆಯಲ್ಲಿ ಅದಕ್ಕಿಂತ ಕೆಟ್ಟದ್ದಾಯಿತು. ಪಕ್ಕದ ಫಿರಂಗಿಯ ಒಂದು ಕಿಡಿ ಹಾರಿ ಬಂದು ನೆಲದ ಮೇಲಿದ್ದ ಗುಂಡಿನ ಬತ್ತಿಗೆ ಬಿತ್ತು. ಗುಂಡು ಇದ್ದಲ್ಲಿಯೇ ಒಡೆಯಿತು. ಕೋಟೆಯವರೇ ಇಬ್ಬರು ಸತ್ತರು. ವೈರಿಗಿಂತ ತಮ್ಮ ಗುಂಡಿಗೇ ಹೆದರುವ ಕಾಲ ಬಂತು.

ದೇಸಾಯಿ ಒಬ್ಬ ಕಂಚುಗಾರನನ್ನು ಕರೆಸಿದ. ಕಂಚುಗಾರ ಕುಂಕುಮದ ಭರಣಿ ಮಾಡುವುದರಲ್ಲಿ ಹೆಸರಾದವನು. ಅವನು ಗುಂಡನ್ನು ತಿರುಗಿಸಿ ಮುರುಗಿಸಿ ನೋಡಿದ. ತೆಳ್ಳನೆಯ ತಾಮ್ರದ ತಗಡಿನಿಂದ ಬತ್ತಿಯ ಅಳತೆಗೆ ಒಂದು ಮುಚ್ಚಳ ಮಾಡಿದ. ಮುಚ್ಚಳದ ಒಳಗೆ ಸಣ್ಣ ತಂತಿಯನ್ನು ಸುರುಳಿಯಾಗಿ ಬೆಸೆದ. ಕೊಳವೆಯ ಕೊರಳಿಗೂ ಅದಕ್ಕೆ ಹೊಂದುವ ತಂತಿ ಸುತ್ತಿದ. ಮುಚ್ಚಳ ಕೂಡಬೇಕಾದರೆ ಎರಡೂವರೆ ಸುತ್ತು ತಿರುಗಿಸಬೇಕು. ಬಿಚ್ಚಬೇಕಾದರೂ ಎರಡೂವರೆ ಸುತ್ತು. ಕೂಡಿದ ಮೇಲೆ ಅಂಚಿಗೆ ಜೇನುಮೇಣ. ನೀರು ಹೋಗದು, ಕಿಡಿ ಹೋಗದು. ಹಾರಿಸುವಾಗ ಮುಚ್ಚಳ ಬಿಚ್ಚದಿದ್ದರೆ ಫಿರಂಗಿಯ ಬೆಂಕಿಯೂ ಹೋಗದು.

ಆ ಕೋಟೆಯಲ್ಲಿ ಒಬ್ಬ ಗೋಲಂದಾಜನಿದ್ದ. ಫಿರಂಗಿ ಹಾರಿಸುವುದು ಅವನ ಕೆಲಸ. ಅವನಷ್ಟು ಚುರುಕಿನವನು ಸುತ್ತಲಿನ ಯಾವ ಕೋಟೆಯಲ್ಲೂ ಇರಲಿಲ್ಲ. ಬೇರೆಯವರು ಒಂದು ಸಲ ಹಾರಿಸುವುದರಲ್ಲಿ ಅವನು ಎರಡು ಸಲ ಹಾರಿಸುತ್ತಿದ್ದ. ಅದು ಅವನಿಗೂ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವನೇ ಹೇಳುತ್ತಿದ್ದ. ಹೊಸ ಮುಚ್ಚಳ ನೋಡಿ ಅವನು ನಕ್ಕ. ಹಸುಗೂಸಿನ ತಲೆಗೆ ಹಾಕುವ ಕುಲಾವಿಯ ಹಾಗೆ ಅದು ಅವನಿಗೆ ಕಂಡಿತು.

"ಕಾಕಾ, ಕುಲಾವಿ ಏನೋ ಹೊಲದಿ. ತೊಟ್ಟಿಲಾ ಯಾವಾಗ ಕಟ್ಟತಿ?"

"ನೀ ಜೋಗುಳಾ ಕಲಿ ತಮ್ಮಾ, ತೊಟ್ಟಿಲಾ ನಾ ಕಟ್ಟತೇನಿ."

ಅಂದಿನಿಂದ ಕೋಟೆಯವರೆಲ್ಲ ಅದನ್ನು ಕುಲಾವಿ ಎಂದೇ ಕರೆದರು.

ನಗು ಮುಗಿದ ಮೇಲೆ ಗೋಲಂದಾಜನಿಗೆ ಕಿರಿಕಿರಿ ಶುರುವಾಯಿತು. ಎರಡೂವರೆ ಸುತ್ತು ತಿರುಗಿಸುವುದರಲ್ಲಿ ಅವನ ಚುರುಕೆಲ್ಲ ಹೋಗಿ, ಪಕ್ಕದವನೂ ಅವನ ಜೊತೆಗೇ ಹಾರಿಸಿಬಿಡುತ್ತಿದ್ದ. ಒಂದೇ ಸುತ್ತಿನದು ಮಾಡಿಕೊಡು ಎಂದು ಅವನು ಕಂಚುಗಾರನನ್ನು ಕೇಳಿದ. ಗಾಡಿ ಕುಲುಕಿದರೂ ಅದು ಬಿಚ್ಚಿಕೊಳ್ಳುತ್ತದೆ, ಆಗುವುದಿಲ್ಲ ಎಂದು ಕಂಚುಗಾರ ಹೇಳಿದ. ದೇಸಾಯಿಯ ತನಕ ದೂರು ಹೋಯಿತು. ಸತ್ತ ಇಬ್ಬರನ್ನು ಹೊತ್ತು ಮಣ್ಣು ಮಾಡಿ ಬಂದವನು ದೇಸಾಯಿ. ಅವನೂ ಕಂಚುಗಾರನ ಮಾತಿಗೇ ತಲೆಯಾಡಿಸಿದ.

ಗೋಲಂದಾಜ ಸುಮ್ಮನಿರುವವನಲ್ಲ. ಅವನೊಂದು ಉಪಾಯ ಮಾಡಿದ. ದಿನಾ ಬೆಳಗಾಗುವುದರೊಳಗೆ ಬುರುಜಿಗೆ ಬಂದು, ತನ್ನ ಫಿರಂಗಿಯ ಪಕ್ಕದ ಗುಂಡುಗಳ ಮೇಣ ಕೆರೆದು, ಕುಲಾವಿಯನ್ನು ಎರಡು ಸುತ್ತು ಸಡಿಲಿಸಿ ಇಡುತ್ತಿದ್ದ. ನೋಡುವವರಿಗೆ ಮುಚ್ಚಿದ ಹಾಗೆಯೇ ಕಾಣಬೇಕು. ಬಿಚ್ಚುವುದಕ್ಕೆ ಅರ್ಧ ಸುತ್ತು ಸಾಕು. ಹೀಗೆ ಅವನು ಮತ್ತೆ ಎಲ್ಲರಿಗಿಂತ ಚುರುಕಾದ.

ಚಳಿಗಾಲ ಬಂತು. ವೈರಿಯ ದಂಡು ಹೊಳೆಯ ಆಚೆ ಬಂದು ಬೀಡುಬಿಟ್ಟಿತು. ಅದನ್ನು ಓಡಿಸಲು ಕೋಟೆಯಿಂದ ನಲವತ್ತು ಜನ ಇಳಿದು ಹೋದರು. ಅವರಲ್ಲಿ ಗೋಲಂದಾಜನ ತಮ್ಮನೂ ಒಬ್ಬ. ಹೋಗಿ ಐದು ದಿನವಾದರೂ ಸುದ್ದಿ ಇರಲಿಲ್ಲ.

ಐದನೆಯ ದಿನ ಸಂಜೆ ಕಂಚುಗಾರ ಬುರುಜು ಹತ್ತಿ ಬಂದ. ಚಳಿಗೆ ಮೇಣ ಬಿರಿದಿದೆಯೇನೋ ನೋಡೋಣ ಎಂದು ಬಂದವನು ಅವನು. ಬಿರಿದ ಮೇಣ ಕಾಣಲಿಲ್ಲ, ಕೆರೆದ ಮೇಣ ಕಂಡಿತು. ಕುಲಾವಿ ಮುಟ್ಟಿದರೆ ಅಲುಗಾಡಿತು. ಕಂಚುಗಾರ ಯಾರನ್ನೂ ಕರೆಯಲಿಲ್ಲ, ಯಾರನ್ನೂ ಬೈಯಲಿಲ್ಲ. ಕೂತುಕೊಂಡು ಒಂದೊಂದನ್ನೂ ಬಿಗಿಯಾಗಿ ತಿರುಗಿಸಿದ. ಮೇಣ ಕಾಸಿ ಮೊದಲಿಗಿಂತ ದಪ್ಪಗೆ ಹಚ್ಚಿದ. ಇಳಿದು ಹೋದ.

ಮರುದಿನ ಮುಂಜಾನೆ ಮಂಜು ಕವಿದಿತ್ತು. ಗೋಲಂದಾಜ ಬುರುಜಿಗೆ ಬಂದು ನೋಡಿದ. ಹೊಸ ಮೇಣ! ಯಾರ ಕೆಲಸ ಎಂದು ಕೇಳಬೇಕಾಗಿರಲಿಲ್ಲ. ಅವನಿಗೆ ಮೈಯೆಲ್ಲ ಉರಿಯಿತು. ಕೆರೆಯಲು ಚಾಕು ತೆಗೆಯಬೇಕು, ಅಷ್ಟರಲ್ಲಿ ಗುಡ್ಡದ ಕೆಳಗೆ ನಗಾರಿ ಕೇಳಿಸಿತು.

ಆ ನಗಾರಿಯನ್ನು ಕೋಟೆಯಲ್ಲಿ ಅರಿಯದವರಿಲ್ಲ. ದೊಡ್ಡ ಬಾಯಿಯ, ಒಡಕು ದನಿಯ ನಗಾರಿ. ಅದು ವೈರಿಯದು. ವೈರಿ ಎಲ್ಲಿ ಏರಿ ಬಂದರೂ ಅದನ್ನು ಎತ್ತಿನ ಮೇಲೆ ಹೇರಿಕೊಂಡು, ಬಾರಿಸಿಕೊಂಡು ಬರುತ್ತಿದ್ದ.

ವೈರಿ ಗುಡ್ಡ ಹತ್ತುತ್ತಿದ್ದಾನೆ ಎಂದು ಕಾವಲಿನವನು ಕೂಗಿದ. ಗೋಲಂದಾಜನಿಗೆ ಆ ಮಾತಿನ ಅರ್ಥ ಒಂದೇ. ನಲವತ್ತು ಜನ ಮುಗಿದರು. ತಮ್ಮ ಸತ್ತ. ತಮ್ಮನನ್ನು ಕೊಂದವರು ಇದೋ ಕೈಗೆ ಸಿಗುವಷ್ಟು ಹತ್ತಿರ ಬರುತ್ತಿದ್ದಾರೆ. ಅವನ ಕಣ್ಣಿಗೆ ಕತ್ತಲೆ ಕವಿಯಿತು. ಫಿರಂಗಿಗೆ ಮದ್ದು ತುಂಬಿ ಆಗಿತ್ತು. ಜೊತೆಯವನು ಫಿರಂಗಿಗೆ ಬೆಂಕಿ ಮುಟ್ಟಿಸುವ ಕಾಕಡದ ಪಂಜು ಹಿಡಿದು ನಿಂತಿದ್ದ. ದನಿ ಬಂದ ದಿಕ್ಕಿಗೆ ಫಿರಂಗಿ ತಿರುಗಿತು. ಇನ್ನು ಬೇಕಾದದ್ದು ಗುಂಡು ಒಂದೇ.

ಅವನು ಗುಂಡಿನ ಕುಲಾವಿಗೆ ಕೈ ಹಾಕಿದ. ಅದು ಕದಲಲಿಲ್ಲ. ಚಳಿಗೆ ಮೇಣ ಕಲ್ಲಾಗಿತ್ತು. ಚಾಕುವಿನಿಂದ ಕೆರೆದ. ಉಗುರು ಕಿತ್ತು ರಕ್ತ ಬಂತು. ಒಂದು ಸುತ್ತು ತಿರುಗಿಸಿದ, ಕೋಟೆಯೆಲ್ಲ ಕೇಳುವ ಹಾಗೆ ಕಂಚುಗಾರನನ್ನು ಬೈದ. ಎರಡನೆಯ ಸುತ್ತು ತಿರುಗಿಸಿದ, ಕಂಚುಗಾರನ ಅಪ್ಪನನ್ನು ಬೈದ. ಉಳಿದದ್ದು ಅರ್ಧ ಸುತ್ತು. ಅದಕ್ಕೆ ಕಂಚುಗಾರನ ಅಜ್ಜನನ್ನು ಬೈಯಬೇಕೆಂದು ಉಸಿರು ಎಳೆದುಕೊಂಡ.

ಉಸಿರು ಎಳೆದುಕೊಳ್ಳುವಾಗ ಬೈಯಲು ಬರುವುದಿಲ್ಲ. ಬಾಯಿ ಸುಮ್ಮನಾದ ಆ ಗಳಿಗೆಯಲ್ಲಿ ಕಿವಿ ಕೆಲಸ ಮಾಡಿತು.

ನಗಾರಿ ವೈರಿಯದೇ. ಆದರೆ ಬಾರಿಸುತ್ತಿದ್ದದ್ದು ಯುದ್ಧದ ಬಡಿತವಲ್ಲ. ಹೋಳಿಹುಣ್ಣಿಮೆಯಲ್ಲಿ ತಮ್ಮ ಊರಿನ ಓಣಿಯಲ್ಲಿ ಹಲಗೆ ಬಾರಿಸುವ ಬಡಿತ. ಅದರಲ್ಲೂ ಐದನೆಯ ಪೆಟ್ಟು ಪ್ರತಿಸಲವೂ ತಪ್ಪುತ್ತಿತ್ತು. ಹಾಗೆ ತಪ್ಪುವ ಕೈ ಲೋಕದಲ್ಲಿ ಒಂದೇ ಇತ್ತು. ಚಿಕ್ಕಂದಿನಲ್ಲಿ ಮನೆಯ ಕೊಡ, ಮೊರ, ಬುಟ್ಟಿ ಎಲ್ಲದರ ಮೇಲೂ ಐದನೆಯ ಪೆಟ್ಟು ತಪ್ಪಿಸಿ ಅಣ್ಣನ ಕೈಯಲ್ಲಿ ಬೈಸಿಕೊಂಡ ಕೈ ಅದು.

"ಕಾಕಡಾ ಆರಿಸೋ!" ಎಂದು ಗೋಲಂದಾಜ ಕಿರುಚಿದ.

ಜೊತೆಯವನು ಕಾಕಡವನ್ನು ನೀರಿಗೆ ಅದ್ದಿದ. ಗೋಲಂದಾಜ ಗುಂಡನ್ನು ಎದೆಗೆ ಅವಚಿಕೊಂಡು, ಬಿಚ್ಚಿದ ಎರಡು ಸುತ್ತನ್ನು ಮತ್ತೆ ತಿರುಗಿಸಿ ಮುಚ್ಚಿದ. ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ ಒಂದು ಎತ್ತು ಬಂತು. ಎತ್ತಿನ ಮೇಲೆ ನಗಾರಿ. ಅದರ ಪಕ್ಕದಲ್ಲಿ ಅವನ ತಮ್ಮ. ಹಿಂದೆ ಕುಣಿಯುತ್ತ ಬರುವ ಉಳಿದ ಮೂವತ್ತೊಂಬತ್ತು ಜನ. ಗೆದ್ದ ಹುಮ್ಮಸ್ಸಿನಲ್ಲಿ ವೈರಿಯ ನಗಾರಿಯನ್ನು ಹೊತ್ತು ತಂದಿದ್ದರು. ಅದನ್ನು ಬಾರಿಸಿಕೊಂಡು ಬಂದರೆ ಮೇಲಿದ್ದವರು ಏನು ತಿಳಿದಾರು ಎಂದು ಅಷ್ಟು ಜನರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಗೆದ್ದವರ ಬುದ್ಧಿ ಅಷ್ಟೇ.

ಗೋಲಂದಾಜ ಬುರುಜು ಇಳಿದು ಓಡಿದ. ತಮ್ಮನ ಕಪಾಳಕ್ಕೆ ಒಂದು ಬಿಟ್ಟ. ಆಮೇಲೆ ಅವನನ್ನು ತಬ್ಬಿಕೊಂಡು ಎಲ್ಲರೆದುರಿಗೆ ಅತ್ತ. ಅವನಿಗೆ ನಾಚಿಕೆಯೇನೂ ಆಗಲಿಲ್ಲ. ಹೋದ ಜೀವ ಬಂದಿತ್ತು, ಬಂದದ್ದು ತಮ್ಮನದೋ ತನ್ನದೋ ಅವನಿಗೇ ತಿಳಿಯಲಿಲ್ಲ. ಹೊಡೆತ ಯಾಕೆ, ಅಳು ಯಾಕೆ ಎಂದು ತಮ್ಮ ಕೇಳುತ್ತಲೇ ಇದ್ದ.

ಅಲ್ಲಿಂದ ಗೋಲಂದಾಜ ನೆಟ್ಟಗೆ ಕಂಚುಗಾರನ ಕುಲುಮೆಗೆ ಹೋದ.

"ಕಾಕಾ, ಎರಡೂವರೆ ಸಾಲದು. ನಾಕು ಸುತ್ತಿಂದು ಮಾಡು."

ಕಂಚುಗಾರ ತಗಡಿನಿಂದ ತಲೆ ಎತ್ತಲಿಲ್ಲ. "ಎರಡೂವರೆ ಸಾಕು. ನಾಳೆ ಖರೇ ವೈರಿ ಬಂದಾಗ ನಮ್ಮಪ್ಪನ ಕೂಡ ನಮ್ಮಜ್ಜನ್ನೂ ಬೈತಿ."

ಅಜ್ಜನವರು ಕತೆ ನಿಲ್ಲಿಸಿದರು.

ಚೆನ್ನವೀರನಿಗೆ ನಗು ಬಂತು. ಹಿಂದಿನ ದಿನದಿಂದ ಅವನು ನಕ್ಕಿರಲಿಲ್ಲ. ಅಷ್ಟರಲ್ಲಿ ಗಾಡಿಯವನು ಬಾಗಿಲಿಗೆ ಬಂದು, "ಹೊಂಟೇನ್ರೀ. ಕಾಗದ ಕೊಡತೇನಿ ಅಂದಿದ್ರಿ?" ಎಂದು ಕೇಳಿದ. ಚೆನ್ನವೀರ ಕೈಯಲ್ಲಿದ್ದ ಕಾಗದ ನೋಡಿದ. ಎದ್ದು ಹೋಗಿ ಅದನ್ನು ಗೂಡಿನಲ್ಲಿ ಇಟ್ಟ. "ಮುಂದಿನ ತಿಂಗಳ ನೋಡೂಣು. ಅವ್ವಗ ನಾ ಕೇಳೀನಿ ಅಂತ ಹೇಳು" ಎಂದ.

ಗಾಡಿ ಹೋಯಿತು. ಎತ್ತಿನ ಗಂಟೆಯ ಸದ್ದು ದೂರವಾದಂತೆ ಚೆನ್ನವೀರನ ಎದೆಯ ಮೇಲಿನ ಭಾರ ಇಳಿಯಿತು. ಅವ್ವ ಬದುಕಿದ್ದಾಳೆ, ರೊಟ್ಟಿ ತಟ್ಟುತ್ತಿದ್ದಾಳೆ ಎಂಬ ಮಾತು ಅವನಿಗೆ ಈಗ ಮೊದಲ ಸಲ ಕೇಳಿಸಿದ ಹಾಗಾಯಿತು. ಆದರೂ ಮನಸ್ಸಿನ ಮೂಲೆಯಲ್ಲಿ ಇನ್ನೊಂದಿಷ್ಟು ಉಳಿದಿತ್ತು.

"ಆದ್ರೂ ಅಜ್ಜಾರ, ಅಂವಾ ನನಗ ಹೇಳಲಾರದ ಇದ್ದದ್ದು ತಪ್ಪು ಹೌದಲ್ರಿ?"

ಅಜ್ಜನವರು ಕಂಬದ ಬುಡದಲ್ಲಿ ಬಿದ್ದಿದ್ದ ಬುತ್ತಿಯನ್ನು ತೋರಿಸಿದರು. ಹಳೆಯ ಧೋತರದ ತುಂಡು. ದಾರಿಯಲ್ಲಿ ಎಲ್ಲಿ ಬಿಚ್ಚಿ ಚೆಲ್ಲುವುದೋ ಎಂದು ಒಂದರ ಮೇಲೊಂದು ಮೂರು ಗಂಟು ಹಾಕಿ ಬಿಗಿದಿತ್ತು.

"ತಪ್ಪೋ ಒಪ್ಪೋ ಆಮ್ಯಾಲ ನೋಡೂಣು, ಮೊದಲ ನಿನ್ನ ತಮ್ಮ ಹಾಕಿದ ಆ ಮೂರು ಗಂಟು ಬಿಚ್ಚು."

ಚೆನ್ನವೀರ ಕಂಬದ ಬುಡಕ್ಕೆ ಹೋಗಿ ಕೂತು, ಮೊದಲನೆಯ ಗಂಟಿಗೆ ಕೈ ಹಾಕಿದ.