ತಂತಿಯನ್ನು ಕೇಳದ ಬಿರಡೆ

ಭಜನಾ ಮಂದಿರದ ತಂಬೂರಿಯಲ್ಲಿ ಒಂದು ಬಿರಡೆಯೂ ಅದಕ್ಕೆ ಸುತ್ತಿದ ತಂತಿಯೂ ಇದ್ದವು. ತಿರುಗಿ ತಂತಿಯನ್ನು ಶ್ರುತಿಗೆ ತರುವುದು ಬಿರಡೆಯ ಕೆಲಸ.

“ಅಣ್ಣಾ, ದಿನಾ ಭಜನೆಗೆ ಮುಂಚೆ ನನ್ನ ಕಡೆ ಒಂದಿಷ್ಟು ತಿರುಗಿ, ಹೇಗಿದ್ದೀಯ ಅಂತ ಕೇಳು,” ಎಂದಿತು ತಂತಿ.

“ಚೆನ್ನಾಗೇ ನುಡೀತಿದ್ದೀಯಲ್ಲ, ತಂಗೀ. ದಿನಾ ಏನು ಮಾತು? ಏಕಾದಶಿಗೆ ನೋಡೋಣ. ನಡುವೆ ಶ್ರುತಿ ಕೆಟ್ಟರೆ ಹೇಳು.”

“ಕೆಟ್ಟ ಮೇಲೆ ಹೇಳೋಕೆ ನನಗೆ ದನಿ ಎಲ್ಲಿರುತ್ತೆ?”

ಬಿರಡೆ ನಕ್ಕುಬಿಟ್ಟಿತು. ಏಕಾದಶಿ ಬಂತು, ಹೋಯಿತು, ಅದಕ್ಕೆ ನೆನಪಾಗಲಿಲ್ಲ. ತಂತಿ ದಿನದಿನಕ್ಕೂ ಸಡಿಲಾಗುತ್ತಾ, ಹಾಗೆಯೇ ನುಡಿಯುತ್ತಾ ಬಂತು. ರಾಮನವಮಿಯ ದಿನ ತುಂಬಿದ ಸಭೆಯಲ್ಲಿ ಅಪಸ್ವರ ಎದ್ದಾಗ ಬಿರಡೆಗೆ ನಾಚಿಕೆಯಾಯಿತು. ಇಷ್ಟು ದಿನ ತಿರುಗದ್ದನ್ನೆಲ್ಲ ಒಂದೇ ಸಲಕ್ಕೆ ತಿರುಗಿತು.

“ಅಣ್ಣಾ, ಮೆಲ್ಲಗೆ,” ಎನ್ನುವಷ್ಟರಲ್ಲಿ ತಂತಿ ಹರಿದುಹೋಯಿತು.

ಮರುದಿನ ಹೊಸ ತಂತಿ ಬಂತು. ಹಳೆಯದರ ತುಂಡೊಂದು ಬಿರಡೆಯ ತೂತಿನಲ್ಲಿ ಇನ್ನೂ ಸಿಕ್ಕಿಕೊಂಡಿತ್ತು. ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಬಿರಡೆ ತಾನಾಗಿ ಕೇಳಿತು: “ಹೇಗಿದ್ದೀಯಮ್ಮಾ?”

“ಚೆನ್ನಾಗಿದ್ದೀನಣ್ಣಾ. ಬೆಳಗ್ಗೆ ತಾನೇ ಕೇಳಿದ್ದೆಯಲ್ಲ?”

“ಕೇಳಿದ್ದೆ,” ಎಂದಿತು ಬಿರಡೆ. “ಕೇಳಬೇಕಾಗಿದ್ದವಳೊಬ್ಬಳನ್ನು ಕೇಳಲಿಲ್ಲಮ್ಮಾ.”